ಬೇಸ್‌ಗೆ ಬೇರೆ ಹಂಬಕರ್ ಹಾಕಿದೆ, ಸದ್ದು ಮಂಕು, ಗುಂಯ್ ಜಾಸ್ತಿ

ದಪ್ಪಸ್ಟ್ರಿಂಗ್, ಮೈಸೂರು

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಗಿಟಾರನ್ನು ಬಿಚ್ಚಿ ಮುಚ್ಚಿ ಸಾಕಾಗಿದೆ. ಗೊತ್ತಿರುವವರು ಸ್ವಲ್ಪ ದಾರಿ ಹೇಳಿ.

ನನ್ನದು ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಮಾದರಿಯ ನಾಲ್ಕು ಸ್ಟ್ರಿಂಗಿನ ಬೇಸ್ ಗಿಟಾರ್. ಅಸಲಿ ಅಲ್ಲ, ಅದನ್ನು ನೋಡಿ ಮಾಡಿದ್ದು, ಅದೂ ಸೆಕೆಂಡ್ ಹ್ಯಾಂಡ್. ಬ್ರಿಡ್ಜ್ ಹತ್ತಿರ ಒಂದೇ ಒಂದು ದೊಡ್ಡ ಹಂಬಕರ್ (ಸ್ಟ್ರಿಂಗಿನ ನಡುಕ ಹಿಡಿಯುವ ಪಿಕಪ್, ಎರಡು ಕಾಯಿಲ್‌ನದು) ಇದೆ, ಒಳಗೆ 9 ವೋಲ್ಟ್ ಬ್ಯಾಟರಿಯ ಪ್ರೀಆಂಪ್ (ಸಿಗ್ನಲ್ ಹೊರಗೆ ಹೋಗುವ ಮೊದಲೇ ಬಲಪಡಿಸುವ ಬೋರ್ಡ್) ಇತ್ತು. ಒಂದು ವರ್ಷ ಮಂಚದ ಕೆಳಗೆ ಇಟ್ಟಿದ್ದೆ. ತೆಗೆದು ನೋಡಿದರೆ ಬ್ಯಾಟರಿ ಸೋರಿ ಬೋರ್ಡ್ ಮೇಲೆಲ್ಲ ಪಾಚಿ ಕಟ್ಟಿದ ಹಾಗೆ ಹಸಿರು. ಪ್ರೀಆಂಪ್ ಹೋಯಿತು ಸರಿ, ಪಿಕಪ್ಪನ್ನು ಮೀಟರಿನಲ್ಲಿ ಅಳೆದರೆ ಅದರಲ್ಲೂ ಒಂದು ಕಾಯಿಲ್ ಓಪನ್.

ನನ್ನ ಗೆಳೆಯ ಒಬ್ಬ ಅವನ ಹಳೇ ಬೇಸಿನಿಂದ ಬಿಚ್ಚಿಟ್ಟಿದ್ದ ಹಂಬಕರ್ ಕೊಟ್ಟ. ಅದೇ ಅಳತೆ, ಗುಂಡಿಯಲ್ಲಿ ಸರಿಯಾಗಿ ಕೂತಿತು. ಆದರೆ ಡಬ್ಬ ಇಲ್ಲ, ಹಿಂದಿನ ಸ್ಟಿಕ್ಕರ್ ಕಿತ್ತು ಹೋಗಿದೆ. ಕೆಂಪು, ಕಪ್ಪು, ಬಿಳಿ, ಹಸಿರು ವೈರ್, ಜೊತೆಗೆ ಸಿಪ್ಪೆ ಇಲ್ಲದ ಬರಿ ವೈರ್ ಒಂದು. 'ಡಿಮಾರ್ಜಿಯೋ ಕಂಪನಿದು ಇರಬೇಕು ಮಗಾ' ಅಂದ. ಅದನ್ನೇ ನಂಬಿ ಡಿಮಾರ್ಜಿಯೋ ಬಣ್ಣದ ಪಟ್ಟಿ ಹುಡುಕಿ ಹಾಗೇ ಮಾಡಿದೆ. ಕೆಂಪು ಹಾಟ್‌ಗೆ (ಸಿಗ್ನಲ್ ಹೊರಗೆ ಹೋಗುವ ಕಡೆಗೆ), ಕಪ್ಪು ಬಿಳಿ ಎರಡನ್ನೂ ಸೇರಿಸಿ ತಿರುಚಿ ಟೇಪ್ ಸುತ್ತಿದೆ, ಹಸಿರು ಮತ್ತು ಬರಿ ವೈರ್ ಗ್ರೌಂಡಿಗೆ. ಪ್ರೀಆಂಪ್ ತೆಗೆದು ಹಾಕಿ ಒಂದು ವಾಲ್ಯೂಮ್, ಒಂದು ಟೋನ್, ಅಷ್ಟೇ. ಪಾಟ್‌ಗಳು, ಅಂದರೆ ಗುಂಡಿಯ ಕೆಳಗಿನ ತಿರುಗುವ ರೆಸಿಸ್ಟರ್‌ಗಳು, ಮೊದಲು ಇದ್ದವೇ.

ಸದ್ದು ಬರುತ್ತದೆ, ಆದರೆ ಸಣ್ಣದು. ಆಂಪ್ ವಾಲ್ಯೂಮ್ ಯಾವಾಗಲೂ 3ರಲ್ಲಿ ಇಡುತ್ತಿದ್ದವನು ಈಗ 7ಕ್ಕೆ ಏರಿಸಬೇಕು. ಕಂಬಳಿ ಹೊದಿಸಿ ನುಡಿಸಿದ ಹಾಗೆ ಮಂಕು. ಅದರ ಮೇಲೆ ಗುಂಯ್ ಬೇರೆ. ಟ್ಯೂಬ್‌ಲೈಟ್ ಕಡೆ ತಿರುಗಿದರೆ ಜಾಸ್ತಿ, ಬಾಗಿಲ ಕಡೆ ತಿರುಗಿದರೆ ಕಡಿಮೆ. ಹಂಬಕರ್ ಅಂದರೇನೇ ಗುಂಯ್ ಇರಬಾರದು ಅಲ್ವಾ? ಗಣೇಶ ಹಬ್ಬಕ್ಕೆ ಎರಡು ರಸಮಂಜರಿ ಒಪ್ಪಿಕೊಂಡಿದ್ದೇನೆ. ಪಿಕಪ್ಪೇ ಕೆಟ್ಟಿದ್ದು ಅಂತ ಗೆಳೆಯನಿಗೆ ಹೇಳೋಕೆ ಮುಜುಗರ.

ಆಂಪ್ ಹಿಂದೆ ಕೂತವ, ಬೆಂಗಳೂರು

ನೂರಕ್ಕೆ ತೊಂಬತ್ತು ಸಲ ಇದು ಬ್ರಿಡ್ಜ್ ಗ್ರೌಂಡ್ ಗುರು. ಬ್ರಿಡ್ಜ್ ಕೆಳಗಿನಿಂದ ಒಂದು ಸಣ್ಣ ವೈರ್ ಒಳಗೆ ಬಂದಿರುತ್ತದೆ. ಪ್ರೀಆಂಪ್ ಕೀಳುವಾಗ ಅದೂ ಕಿತ್ತು ಬಂದಿರುತ್ತದೆ, ಗಮನಕ್ಕೇ ಬರುವುದಿಲ್ಲ. ಮೀಟರನ್ನು ಬೀಪ್ ಹೊಡೆಯುವ ಜಾಗಕ್ಕೆ ಇಟ್ಟು ಒಂದು ಕಡ್ಡಿ ಬ್ರಿಡ್ಜ್‌ಗೆ, ಇನ್ನೊಂದು ಜ್ಯಾಕಿನ ಹೊರಗಿನ ಲೋಹಕ್ಕೆ ಮುಟ್ಟಿಸಿ. ಬೀಪ್ ಬರಲಿಲ್ಲ ಅಂದರೆ ಅದೇ.

ಇನ್ನೊಂದು, ನಿಮ್ಮ ಮನೆಯ ಪ್ಲಗ್ ಪಾಯಿಂಟಿನಲ್ಲಿ ಅರ್ಥ್ ನಿಜವಾಗಲೂ ಇದೆಯಾ ನೋಡಿಸಿ. ನನ್ನ ಹಳೇ ಬಾಡಿಗೆ ಮನೆಯಲ್ಲಿ ಮೂರು ತೂತಿನ ಸಾಕೆಟ್ ಇತ್ತು, ಮೂರನೇ ತೂತಿನ ಹಿಂದೆ ವೈರೇ ಇರಲಿಲ್ಲ. ಮಾಲೀಕರನ್ನು ಕೇಳಿದರೆ 'ಲೈಟ್ ಉರಿಯುತ್ತಿದೆಯಲ್ಲಪ್ಪ' ಅಂದರು.

ದಪ್ಪಸ್ಟ್ರಿಂಗ್, ಮೈಸೂರು

ಬೀಪ್ ಬಂತು. ಸ್ಟ್ರಿಂಗ್ ಮುಟ್ಟಿದರೆ ಗುಂಯ್ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಅರ್ಥ್ ವಿಷಯ ಗೊತ್ತಿಲ್ಲ. ಆದರೆ ಇದೇ ಮನೆ, ಇದೇ ಆಂಪಿನಲ್ಲಿ ತಮ್ಮನ ಗಿಟಾರ್ ಸುಮ್ಮನೆ ಇರುತ್ತದೆ. ಹಾಗಾಗಿ ನನ್ನ ಕೈಕೆಲಸದ ಮೇಲೇ ಅನುಮಾನ.

ಹಳೇ ರೇಡಿಯೋ, ಹುಬ್ಬಳ್ಳಿ

ತಮ್ಮಾ, ತಿರುಗಿದರೆ ಗುಂಯ್ ಹೆಚ್ಚು ಕಡಿಮೆ ಆಗುತ್ತದೆ ಅಂದೆಯಲ್ಲ, ಅಲ್ಲೇ ಇದೆ ನೋಡು ಸುಳಿವು. ಗ್ರೌಂಡ್ ಕಿತ್ತು ಬಂದಿದ್ದರೆ ಯಾವ ಕಡೆ ತಿರುಗಿದರೂ ಕಿರುಚುತ್ತಿತ್ತು. ತಿರುಗಿದ ಹಾಗೆ ಬದಲಾಗುವುದು ಒಂಟಿ ಕಾಯಿಲ್‌ನ ಚಾಳಿ. ನಿನ್ನ ಹಂಬಕರ್‌ನಲ್ಲಿ ಒಂದೇ ಕಾಯಿಲ್ ಕೆಲಸ ಮಾಡುತ್ತಿದೆ ಅಂತ ನನ್ನ ಅನುಮಾನ. ಅನುಮಾನದ ಮೇಲೆ ಬೆಸುಗೆ ಬಿಚ್ಚಬಾರದು, ಮೊದಲು ಅಳತೆ ತೆಗಿ.

ಎರಡು ಅಳತೆ ಬೇಕು. ಮೊದಲನೆಯದು ಏನೂ ಬಿಚ್ಚದೆ: ಗಿಟಾರ್ ಕೇಬಲ್ ಒಂದು ತುದಿ ಜ್ಯಾಕಿಗೆ ಹಾಕು, ವಾಲ್ಯೂಮ್ ಪೂರ್ತಿ ಏರಿಸು, ಇನ್ನೊಂದು ತುದಿಯ ಮೂತಿಗೂ ಮೈಗೂ ಮೀಟರ್ ಕಡ್ಡಿ ಇಡು. 20ಕೆ ಓಮ್ಸ್ ರೇಂಜಿನಲ್ಲಿ ಓದು. ಆಮೇಲೆ ಪಿಕಪ್ಪಿನ ಐದೂ ವೈರನ್ನು ಬಿಡಿಸಿ, ಟೇಪ್ ಬಿಚ್ಚಿ, ಒಂದಕ್ಕೊಂದು ತಾಗದ ಹಾಗೆ ಹರಡು. ಎರಡೆರಡೇ ವೈರ್ ಹಿಡಿದು ಅಳೆ. ಯಾವ ಎರಡರ ನಡುವೆ ಅಂಕಿ ಬರುತ್ತದೆ, ಯಾವುದರ ನಡುವೆ ಏನೂ ಬರುವುದಿಲ್ಲ, ಬರೆದುಕೋ. ಅಳೆಯುವಾಗ ಎರಡೂ ಕೈ ಬೆರಳು ಕಡ್ಡಿಯ ತುದಿಗೆ ತಾಗದಿರಲಿ. ಪಾಟ್‌ಗಳ ಬೆನ್ನ ಮೇಲೆ ಏನು ಬರೆದಿದೆ ಅದನ್ನೂ ನೋಡಿ ಹೇಳು.

ದಪ್ಪಸ್ಟ್ರಿಂಗ್, ಮೈಸೂರು

ಅಳೆದೆ ಸಾರ್. ಜ್ಯಾಕಿನಲ್ಲಿ 3.45. ಬಿಡಿಸಿದ ಮೇಲೆ ಕಪ್ಪು-ಬಿಳಿ ನಡುವೆ 4.1, ಕೆಂಪು-ಹಸಿರು ನಡುವೆ 4.0. ಬೇರೆ ಯಾವ ಜೋಡಿ ಹಿಡಿದರೂ ಮೀಟರ್ ಬರೀ 1 ಅಂತ (ಅಂದರೆ ಸಂಪರ್ಕ ಇಲ್ಲ) ತೋರಿಸಿ ಸುಮ್ಮನಾಗುತ್ತದೆ. ಬರಿ ವೈರ್ ಯಾವುದಕ್ಕೂ ಸೇರಿಲ್ಲ.

ಪಾಟ್ ಬೆನ್ನು ನೋಡೋಕೆ ಆಗಲಿಲ್ಲ, ಸೋಲ್ಡರ್ ಗುಡ್ಡೆ ಹಾಕಿಬಿಟ್ಟಿದ್ದೇನೆ. ನಗಬೇಡಿ.

ಹಳೇ ರೇಡಿಯೋ, ಹುಬ್ಬಳ್ಳಿ

ನಗುವುದಿಲ್ಲ. ನನ್ನ ಮೊದಲ ಬೆಸುಗೆ ನೋಡಿದ್ದರೆ ನೀನೇ ನಗುತ್ತಿದ್ದೆ. ಮತ್ತೆ ಪಾಟ್ ಬೆನ್ನು ನೋಡುವ ಅಗತ್ಯವೂ ಈಗ ಇಲ್ಲ, ನಿನ್ನ ಅಂಕಿಯೇ ಹೇಳಿಬಿಟ್ಟಿದೆ.

ಮೊದಲು ಬಣ್ಣದ ವಿಷಯ. ಅಂಕಿ ಬಂದ ಜೋಡಿ ಅಂದರೆ ಒಂದು ಕಾಯಿಲ್‌ನ ಎರಡು ತುದಿ. ನಿನ್ನದರಲ್ಲಿ ಕಪ್ಪು-ಬಿಳಿ ಒಂದು ಕಾಯಿಲ್, ಕೆಂಪು-ಹಸಿರು ಇನ್ನೊಂದು. ಡಿಮಾರ್ಜಿಯೋದಲ್ಲಿ ಕೆಂಪು-ಕಪ್ಪು ಒಂದು, ಹಸಿರು-ಬಿಳಿ ಒಂದು. ನಿನ್ನ ಜೋಡಿ ಸೆಮೂರ್ ಡಂಕನ್ ಕಂಪನಿಯ ಪದ್ಧತಿಗೆ ಹೊಂದುತ್ತದೆ. ನಾಲ್ಕೂ ಬಣ್ಣ ಅವೇ, ಆದರೆ ಒಳಗೆ ಬೇರೆ ಬೇರೆ ಜಾಗಕ್ಕೆ ಹೋಗಿವೆ. ನಿನ್ನ ಗೆಳೆಯ ಬಣ್ಣ ನೋಡಿ ಹೆಸರು ಹೇಳಿದ, ನೀನು ಹೆಸರು ಕೇಳಿ ಪಟ್ಟಿ ತೆಗೆದೆ.

ಈಗ ನೀನು ಏನು ಮಾಡಿದ್ದೀಯ ನೋಡು. ಕಪ್ಪು ಬಿಳಿ ಎರಡನ್ನೂ ಸೇರಿಸಿ ಟೇಪ್ ಸುತ್ತಿದೆ. ಅಂದರೆ ಒಂದು ಕಾಯಿಲ್‌ನ ಬಾಲವನ್ನು ಅದರದೇ ಬಾಯಿಗೆ ಕೊಟ್ಟೆ. ಅದು ಪೂರ್ತಿ ಶಾರ್ಟ್. ಉಳಿದದ್ದು ಕೆಂಪಿನಿಂದ ಹಸಿರಿಗೆ ಒಂದೇ ಕಾಯಿಲ್. ಅದಕ್ಕೇ ಸದ್ದು ಸಣ್ಣದು, ಅದಕ್ಕೇ ಗುಂಯ್. ಹಂಬಕರ್‌ನಲ್ಲಿ ಎರಡು ಕಾಯಿಲ್ ಯಾಕೆ ಇಡುತ್ತಾರೆ? ಒಂದರ ಸುತ್ತು ಈ ಕಡೆ, ಇನ್ನೊಂದರದು ಆ ಕಡೆ, ಆಯಸ್ಕಾಂತವೂ ಒಂದಕ್ಕೆ ಉತ್ತರ, ಇನ್ನೊಂದಕ್ಕೆ ದಕ್ಷಿಣ. ಗೋಡೆಯ ವೈರಿನಿಂದ ಬರುವ ಗುಂಯ್‌ಗೆ ಆಯಸ್ಕಾಂತ ಗೊತ್ತಿಲ್ಲ, ಸುತ್ತು ಮಾತ್ರ ಗೊತ್ತು. ಹಾಗಾಗಿ ಅದು ಎರಡರಲ್ಲಿ ಉಲ್ಟಾ ಬಂದು ಒಂದನ್ನೊಂದು ಹೊಡೆದು ಹಾಕುತ್ತದೆ. ಸ್ಟ್ರಿಂಗಿನ ಸದ್ದು ಎರಡು ಸಲ ಉಲ್ಟಾ ಆಗುವುದರಿಂದ ಮತ್ತೆ ನೆಟ್ಟಗಾಗಿ ಕೂಡಿಕೊಳ್ಳುತ್ತದೆ. ನೀನು ಒಂದು ಕಾಯಿಲ್ ಮಲಗಿಸಿದೆ, ಹೊಡೆದು ಹಾಕಲು ಜೊತೆಗಾರನೇ ಇಲ್ಲ. ಸಾಲದ್ದಕ್ಕೆ ಶಾರ್ಟ್ ಆದ ಕಾಯಿಲ್ ಪಕ್ಕದಲ್ಲಿ ಸುಮ್ನೆ ಕೂತಿರುವುದಿಲ್ಲ, ಇರುವ ಸದ್ದನ್ನೂ ಸ್ವಲ್ಪ ತಿನ್ನುತ್ತದೆ.

ಎರಡನೆಯದು ನನಗೆ ಖುಷಿ ಕೊಟ್ಟ ಅಂಕಿ. ಕೆಂಪು-ಹಸಿರು ಬಿಡಿಯಾಗಿ 4.0 ಇದೆ. ಅದೇ ಜ್ಯಾಕಿನಲ್ಲಿ 3.45 ಯಾಕೆ ಆಯಿತು? ಪಕ್ಕದಲ್ಲಿ ಇನ್ನೇನೋ ಸೇರಿಕೊಂಡು ಎಳೆಯುತ್ತಿದೆ. ಟೋನ್ ಪಾಟ್ ಅಲ್ಲ, ಅದರ ದಾರಿಯಲ್ಲಿ ಕೆಪಾಸಿಟರ್ ಇದೆ, ಮೀಟರಿನ ಡಿಸಿ ಅದನ್ನು ದಾಟುವುದಿಲ್ಲ. ಉಳಿದದ್ದು ವಾಲ್ಯೂಮ್ ಪಾಟ್. 4ರ ಪಕ್ಕ ಎಷ್ಟು ಸೇರಿಸಿದರೆ 3.45 ಬರುತ್ತದೆ ಅಂತ ಲೆಕ್ಕ ಹಾಕು. ಹೆಚ್ಚು ಕಡಿಮೆ 25ಕೆ. ಪ್ರೀಆಂಪ್ ಜೊತೆ ಇದ್ದ ಪಾಟನ್ನೇ ನೀನು ಉಳಿಸಿಕೊಂಡಿದ್ದೀಯ. ಆಕ್ಟಿವ್ (ಪ್ರೀಆಂಪ್ ಇರುವ) ಸರ್ಕೀಟಿಗೆ 25ಕೆ ಸರಿ, ಪ್ರೀಆಂಪಿಗೆ ತಳ್ಳುವ ಶಕ್ತಿ ಇದೆ. ಬರೀ ಪಿಕಪ್ಪಿಗೆ 25ಕೆ ಅಂದರೆ ತಲೆ ಮೇಲೆ ಅಕ್ಕಿ ಮೂಟೆ. ಮೇಲಿನ ಸದ್ದೆಲ್ಲ ಅಲ್ಲೇ ಕುಸಿದುಬಿಡುತ್ತದೆ. ನೀನು ಹೇಳಿದ ಕಂಬಳಿ ಇದೇ.

ಪಾಟ್ 250ಕೆ ಅಥವಾ 500ಕೆ ಹಾಕು. ಕಪ್ಪು ಹಾಟ್‌ಗೆ. ಬಿಳಿ ಮತ್ತು ಕೆಂಪು ಸೇರಿಸಿ ಬೆಸುಗೆ ಹಾಕಿ ಸ್ಲೀವ್ ಹಾಕು. ಹಸಿರು, ಬರಿ ವೈರ್ ಗ್ರೌಂಡಿಗೆ. ಇದು ಸೀರೀಸ್, ಅಂದರೆ ಒಂದು ಕಾಯಿಲ್ ಆದ ಮೇಲೆ ಇನ್ನೊಂದು. ಜ್ಯಾಕಿನಲ್ಲಿ 8ರ ಹತ್ತಿರ ಬರಬೇಕು. ಆಮೇಲೆ ಸ್ಕ್ರೂಡ್ರೈವರ್ ಪರೀಕ್ಷೆ ಒಂದಿದೆ, ಅದನ್ನು ಮಾಡದೆ ಹಿಂದಿನ ಮುಚ್ಚಳ ಹಾಕಬೇಡ. ಸ್ಟಿಕ್ಕರ್ ಇಲ್ಲದ ಪಿಕಪ್ ಇದು, ಯಾರೋ ಮಧ್ಯೆ ಬಿಚ್ಚಿ ವೈರ್ ಬದಲಿಸಿದ್ದರೂ ಬದಲಿಸಿರಬಹುದು.

ದಪ್ಪಸ್ಟ್ರಿಂಗ್, ಮೈಸೂರು

ಸೋಲ್ಡರ್ ಕೆರೆದು ನೋಡಿದೆ. ಬಿ25ಕೆ. ಕೈ ಮುಗಿದೆ ಸಾರ್ ನಿಮಗೆ.

ಮಂದ್ರ, ಟೆಕ್ಸಾಸ್

ಹಳೇ ರೇಡಿಯೋ ಅವರ ಲೆಕ್ಕ ಓದಿ ಆಫೀಸಿನಲ್ಲೇ ಚಪ್ಪಾಳೆ ಹೊಡೆದೆ. ಒಂದು ಮಾತಿಗೆ ಮಾತ್ರ ನನ್ನ ತಕರಾರು ಇದೆ, ಸೀರೀಸ್ ಯಾಕೆ?

ಸ್ಟಿಂಗ್‌ರೇ 1976ರಲ್ಲಿ ಬಂದಾಗ ಅದರ ಎರಡು ಕಾಯಿಲ್ ಪ್ಯಾರಲಲ್ಲಿನಲ್ಲಿ (ಅಕ್ಕಪಕ್ಕ, ಎರಡೂ ನೇರ ಹಾಟ್‌ಗೂ ಗ್ರೌಂಡಿಗೂ) ಇದ್ದವು, ಹಿಂದೆ ಆಕ್ಟಿವ್ ಪ್ರೀಆಂಪ್. ಸ್ಲ್ಯಾಪ್ ಹೊಡೆದಾಗ (ಹೆಬ್ಬೆರಳಿನಿಂದ ಸ್ಟ್ರಿಂಗ್ ಬಡಿದಾಗ) ಬರುವ ಆ ಟಣ್ ಅನ್ನುವ ಸದ್ದಿಗೆ ಅರ್ಧ ಕಾರಣ ಪ್ಯಾರಲಲ್. ಸೀರೀಸ್ ಮಾಡಿದರೆ ಸದ್ದು ದೊಡ್ಡದು ನಿಜ, ಆದರೆ ನಡುವಿನ ಭಾಗ ಉಬ್ಬಿ ಮೇಲಿನದು ಹೋಗುತ್ತದೆ. ಸಮ ಕಾಯಿಲ್ ಎರಡನ್ನು ಸೀರೀಸ್‌ನಿಂದ ಪ್ಯಾರಲಲ್ಲಿಗೆ ತಂದರೆ ಇಂಡಕ್ಟೆನ್ಸ್ (ಮೇಲಿನ ಸದ್ದನ್ನು ತಡೆಯುವ ಕಾಯಿಲ್‌ನ ಗುಣ) ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ಓಮ್ಸ್ ಕೂಡ ಹಾಗೇ. ನಿಮ್ಮದು 8ರ ಬದಲು 2 ತೋರಿಸುತ್ತದೆ. 2 ಕಂಡು ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ. ಎರಡರಲ್ಲೂ ಗುಂಯ್ ಸಾಯುತ್ತದೆ, ಆ ವಿಷಯದಲ್ಲಿ ಭೇದ ಇಲ್ಲ.

ಪ್ಯಾರಲಲ್ ಬೇಕಾದರೆ ಕಪ್ಪು ಕೆಂಪು ಎರಡೂ ಹಾಟ್‌ಗೆ, ಬಿಳಿ ಹಸಿರು ಬರಿ ವೈರ್ ಮೂರೂ ಗ್ರೌಂಡಿಗೆ.

ಎರಡೂ ಬೇಕು ಅನ್ನುವವರಿಗೆ ಆರು ಕಾಲಿನ ಟಾಗಲ್ ಸ್ವಿಚ್ ಒಂದು ಸಾಕು, ಎರಡು ಸಾಲು, ಸಾಲಿಗೆ ಮೂರು ಕಾಲು. ಕಪ್ಪು ಯಾವಾಗಲೂ ಹಾಟ್‌ನಲ್ಲೇ, ಹಸಿರು ಯಾವಾಗಲೂ ಗ್ರೌಂಡಿನಲ್ಲೇ, ಅವನ್ನು ಸ್ವಿಚ್ಚಿಗೆ ತರುವುದೇ ಬೇಡ. ಬಿಳಿಯನ್ನು ಒಂದು ಸಾಲಿನ ನಡುವಿನ ಕಾಲಿಗೆ, ಕೆಂಪನ್ನು ಇನ್ನೊಂದು ಸಾಲಿನ ನಡುವಿನ ಕಾಲಿಗೆ ಹಾಕಿ. ಮೇಲಿನ ಎರಡು ಕಾಲನ್ನು ಒಂದು ತುಂಡು ವೈರಿನಿಂದ ಒಂದಕ್ಕೊಂದು ಸೇರಿಸಿ. ಕೆಳಗೆ ಬಿಳಿ ಸಾಲಿನ ಕಾಲು ಗ್ರೌಂಡಿಗೆ, ಕೆಂಪು ಸಾಲಿನ ಕಾಲು ಹಾಟ್‌ಗೆ. ಒಂದು ಕಡೆ ಒತ್ತಿದರೆ ಬಿಳಿ ಕೆಂಪು ಕೂಡಿ ಸೀರೀಸ್, ಇನ್ನೊಂದು ಕಡೆ ಪ್ಯಾರಲಲ್. ಪ್ರೀಆಂಪಿನ ಟ್ರೆಬಲ್ ಗುಂಡಿ ಇದ್ದ ತೂತು ನಿಮ್ಮಲ್ಲಿ ಖಾಲಿ ಇರಬೇಕು, ಅಲ್ಲೇ ಕೂರಿಸಿ. ತೂತು ದೊಡ್ಡದಾದರೆ ವಾಷರ್.

ಸುಮ್ನೆ ಒಂದು ಮಾತು. ಊರಲ್ಲಿ ಕರೆಂಟ್ 50 ಹರ್ಟ್ಸ್. ಬೇಸಿನ ಇ ಸ್ಟ್ರಿಂಗ್ ಮೂರನೇ ಫ್ರೆಟ್ ಜಿ ಸ್ವರ 49 ಹರ್ಟ್ಸ್. ಅಂದರೆ ನಿಮ್ಮ ಗುಂಯ್ ಹೆಚ್ಚು ಕಡಿಮೆ ಜಿ ಶ್ರುತಿಯಲ್ಲೇ ಕೂರುತ್ತದೆ. ನಾನಿರುವಲ್ಲಿ 60 ಹರ್ಟ್ಸ್, ಅದು ಬಿ ಫ್ಲ್ಯಾಟ್‌ಗೂ ಬಿಗೂ ನಡುವೆ ಎಲ್ಲೋ ಬಿದ್ದು ಯಾವ ಹಾಡಿಗೂ ಸೇರುವುದಿಲ್ಲ. ಗುಂಯ್ ಕೇಳಿದರೂ ಊರಿನದೇ ಚೆನ್ನಾಗಿತ್ತು ಅನ್ನಿಸುತ್ತದೆ.

ಹಳೇ ರೇಡಿಯೋ, ಹುಬ್ಬಳ್ಳಿ

ಮಂದ್ರ ಅವರೇ, ಸ್ಟಿಂಗ್‌ರೇ ಬಗ್ಗೆ ನೀವು ಹೇಳಿದ್ದು ಖರೆ. ಆದರೆ ಆ ಪ್ಯಾರಲಲ್ ಹಿಂದೆ ಪ್ರೀಆಂಪ್ ಇತ್ತು. ಈ ಹುಡುಗನ ಪ್ರೀಆಂಪ್ ಕಸದ ಬುಟ್ಟಿಯಲ್ಲಿದೆ. ಪ್ಯಾಸಿವ್‌ನಲ್ಲಿ, ಅಂದರೆ ಪ್ರೀಆಂಪ್ ಇಲ್ಲದಾಗ, ಪ್ಯಾರಲಲ್ ಸದ್ದು ಸಣ್ಣದು. ರೂಮಿನಲ್ಲಿ ಪರವಾಗಿಲ್ಲ. ಗಣಪತಿ ಪೆಂಡಾಲಿನಲ್ಲಿ ಏನಾಗುತ್ತದೆ ಗೊತ್ತೇ? ಮಿಕ್ಸರ್ ಮುಂದೆ ಕೂತವನು ಬೇಸ್ ಕೇಳುತ್ತಿಲ್ಲ ಅಂತ ಗೇನ್ ಏರಿಸುತ್ತಾನೆ, ಅದರ ಜೊತೆ ಜನರೇಟರ್, ಸೀರಿಯಲ್ ಸೆಟ್, ಡಿಮ್ಮರ್ ಎಲ್ಲದರ ಸದ್ದೂ ಏರುತ್ತದೆ. ಮೂವತ್ತು ವರ್ಷ ಆ ಕುರ್ಚಿಯಲ್ಲಿ ಕೂತವನು ನಾನು, ಸಿಗ್ನಲ್ ಗಟ್ಟಿ ಬಂದರೆ ಸಾಕು ಅನ್ನುವ ಪೈಕಿ. ಫೆಂಡರ್ ಕಂಪನಿಯ ಪ್ರಿಸಿಶನ್ ಬೇಸಿನಲ್ಲಿ 1957ರಿಂದ ಇರುವ ಎರಡು ತುಂಡಿನ ಪಿಕಪ್ ಕೂಡ ಹಂಬಕರ್ರೇ ಅಲ್ಲವೇ, ಅದು ಸೀರೀಸ್, ಯಾರಾದರೂ ಬೈದದ್ದು ಕೇಳಿದ್ದೀರಾ?

ಸ್ವಿಚ್ ಹಾಕುವುದು ಒಳ್ಳೆಯದೇ. ಹಬ್ಬ ಆದ ಮೇಲೆ ಹಾಕಲಿ.

ಮಂದ್ರ, ಟೆಕ್ಸಾಸ್

ಪೆಂಡಾಲ್ ಅಂದಮೇಲೆ ನಾನು ಸೋತೆ. ಸೀರೀಸ್ ಮಾಡಿ.

ಆಂಪ್ ಹಿಂದೆ ಕೂತವ, ಬೆಂಗಳೂರು

ನನ್ನ ಬ್ರಿಡ್ಜ್ ಗ್ರೌಂಡ್ ಭವಿಷ್ಯ ನೀರಲ್ಲಿ ಹೋಯಿತು, ಒಪ್ಪಿಕೊಂಡೆ. ಪ್ರಾಯಶ್ಚಿತ್ತಕ್ಕೆ ಸಾಮಾನಿನ ವಿಷಯ ಹೇಳುತ್ತೇನೆ, ಎಸ್‌ಪಿ ರೋಡ್ ನನಗೆ ಮನೆ ಹಿತ್ತಿಲು ಇದ್ದ ಹಾಗೆ.

500ಕೆ ಕೇಳಿದರೆ ಎಷ್ಟೋ ಅಂಗಡಿಯಲ್ಲಿ 470ಕೆ ಕೊಡುತ್ತಾರೆ, ಯೋಚಿಸದೆ ತಗೊಳ್ಳಿ, ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮುಂದೆ ಎ ಅಕ್ಷರ ಇದ್ದರೆ ಲಾಗ್, ಬಿ ಇದ್ದರೆ ಲೀನಿಯರ್. ವಾಲ್ಯೂಮಿಗೆ ಬಿ ಹಾಕಿದರೂ ಕೆಲಸ ಮಾಡುತ್ತದೆ, ಆದರೆ ಗುಂಡಿ ತಿರುಗಿಸಿದರೆ ಬಹಳ ಹೊತ್ತು ಏನೂ ಆಗದೆ ಕೊನೆಯಲ್ಲಿ ಧಡಕ್ಕನೆ ಇಳಿಯುತ್ತದೆ. ಟೋನಿಗೆ ಕೆಪಾಸಿಟರ್ 473 ಅಂತ ಬರೆದದ್ದು, ಅಂದರೆ 0.047 ಮೈಕ್ರೋ. ಪಾಲಿಯೆಸ್ಟರ್ ಸಾಕು. ಆನ್‌ಲೈನಿನಲ್ಲಿ ಅದೇ ಅಳತೆಯದನ್ನು ಕಿತ್ತಳೆ ಬಣ್ಣ ಬಳಿದು ಊಟದ ಬೆಲೆಗೆ ಮಾರುತ್ತಾರೆ, ಬೇಡ.

ಪಾಟ್ ತಗೊಳ್ಳುವಾಗ ಹಳೇ ಪಾಟ್ ಜೇಬಿನಲ್ಲಿ ಇರಲಿ. ಶಾಫ್ಟ್ ದಪ್ಪ, ಕುತ್ತಿಗೆಯ ಉದ್ದ ಹೋಲಿಸಿ. ನಾನೊಮ್ಮೆ ಅಂದಾಜಿನಲ್ಲಿ ತಂದು, ನಟ್ ಹಿಡಿಯದೆ, ಮತ್ತೆ ಅದೇ ಟ್ರಾಫಿಕ್ಕಿನಲ್ಲಿ ವಾಪಸ್ ಹೋಗಿದ್ದೆ.

ಪಾಟ್ ಬೆನ್ನಿಗೆ ಬೆಸುಗೆ ಹಾಕಲು 25 ವ್ಯಾಟ್ ಐರನ್ ಒದ್ದಾಡುತ್ತದೆ. ಬೆನ್ನಿನ ತಗಡು ಬಿಸಿಯನ್ನೆಲ್ಲ ಕುಡಿಯುತ್ತದೆ, ನಾವು ಬಿಸಿಯಾಗಲಿ ಅಂತ ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗಿನ ಟ್ರ್ಯಾಕ್ ಸುಟ್ಟಿರುತ್ತದೆ. ಸಾಣೆ ಕಾಗದದಿಂದ ಹೊಳೆಯುವ ತನಕ ಉಜ್ಜಿ, 60 ವ್ಯಾಟ್ ಐರನ್ ಸಿಕ್ಕರೆ ಮೂರು ಸೆಕೆಂಡಿನ ಕೆಲಸ. ಪಿಕಪ್ಪಿನ ಸಣ್ಣ ವೈರುಗಳಿಗೆ ಮಾತ್ರ 25ರದೇ ಇರಲಿ, ಸಿಪ್ಪೆ ಬೇಗ ಕರಗುತ್ತದೆ. ಬರಿ ವೈರಿಗೆ ಸ್ಲೀವ್ ಹಾಕಿ. ಅದು ಮುಚ್ಚಳ ಹಾಕುವಾಗ ಬಾಗಿ ಹಾಟ್ ಕಾಲಿಗೆ ತಾಗಿದರೆ ಸದ್ದೇ ಇಲ್ಲ, ಸ್ಟೇಜಿನ ಮೇಲೆ ಹತ್ತಿದಾಗಲೇ ತಾಗುತ್ತದೆ.

ದಪ್ಪಸ್ಟ್ರಿಂಗ್, ಮೈಸೂರು

ಪಾಟ್ ಮೈಸೂರಲ್ಲೇ ಸಿಕ್ಕಿತು, ಎ470ಕೆ. ನಿನ್ನೆ ರಾತ್ರಿ ಕೂತು ಮುಗಿಸಿದೆ. ಜ್ಯಾಕಿನಲ್ಲಿ 7.96 ಬಂತು. ಹಳೇ ರೇಡಿಯೋ ಸಾರ್ 8ರ ಹತ್ತಿರ ಅಂದಿದ್ದರಲ್ಲ, ಖುಷಿಯಲ್ಲಿ ಮುಚ್ಚಳ ಹಾಕಿ ಎಂಟು ಸ್ಕ್ರೂ ಬಿಗಿದು ಆಂಪ್ ಹಾಕಿದರೆ ತಗಡಿನ ಡಬ್ಬ ಬಡಿದ ಹಾಗೆ ಸದ್ದು. ಇ ಸ್ಟ್ರಿಂಗಿನಲ್ಲಿ ಬೇಸೇ ಇಲ್ಲ. ಗುಂಯ್ ಮೊದಲಿಗಿಂತ ಜಾಸ್ತಿ. ಅಮ್ಮ ಒಳಗಿನಿಂದ 'ಅದನ್ನು ಮಾರಿಬಿಡೋ' ಅಂದರು.

ಹಳೇ ರೇಡಿಯೋ, ಹುಬ್ಬಳ್ಳಿ

ಸ್ಕ್ರೂಡ್ರೈವರ್ ಪರೀಕ್ಷೆ ಮಾಡಿದೆಯಾ?

ದಪ್ಪಸ್ಟ್ರಿಂಗ್, ಮೈಸೂರು

ಇಲ್ಲ ಸಾರ್. ಹೇಗೆ ಅಂತ ನೀವು ಹೇಳಿರಲಿಲ್ಲ, ನಾನೂ ಕೇಳಲಿಲ್ಲ.

ಹಳೇ ರೇಡಿಯೋ, ಹುಬ್ಬಳ್ಳಿ

ಅದು ನನ್ನ ತಪ್ಪು, ಆಯಿತು. ಈಗ ಮಾಡು.

ಕೇಬಲ್ ಜ್ಯಾಕಿಗೆ ಹಾಕಿ, ಮೊದಲಿನ ಹಾಗೇ ಮೀಟರ್ ಹಿಡಿ. ಮುಳ್ಳಿನ ಮೀಟರ್ ಯಾರ ಹತ್ತಿರವಾದರೂ ಇದ್ದರೆ ಅದನ್ನೇ ತಾ, ಡಿಸಿಯ ತೀರ ಚಿಕ್ಕ ರೇಂಜಿನಲ್ಲಿ ಇಡು. ಡಿಜಿಟಲ್ ಆದರೆ 20ಕೆ ಓಮ್ಸ್‌ನಲ್ಲೇ ಇರಲಿ, ಅಂಕಿ ಕ್ಷಣಕಾಲ ಏರಿತೋ ಇಳಿಯಿತೋ ನೋಡಬೇಕು. ಕಬ್ಬಿಣದ ಸ್ಕ್ರೂಡ್ರೈವರನ್ನು ಪಿಕಪ್ಪಿನ ಮುಂದಿನ ಸಾಲಿನ ಒಂದು ಕಂಬಕ್ಕೆ ಅಂಟಿಸು. ಅದು ಕಚ್ಚಿಕೊಳ್ಳುತ್ತದೆ. ಟಪ್ಪನೆ ಮೇಲಕ್ಕೆ ಕಿತ್ತುಕೋ. ಮುಳ್ಳು ಯಾವ ಕಡೆ ಹಾರಿತು? ಈಗ ಹಿಂದಿನ ಸಾಲಿನ ಕಂಬಕ್ಕೆ ಹಾಗೇ ಮಾಡು. ಎರಡೂ ಸಲ ಒಂದೇ ಕಡೆ ಹಾರಿದರೆ ಕಾಯಿಲ್‌ಗಳು ಜೊತೆಯಾಗಿ ಎಳೆಯುತ್ತಿವೆ. ಒಂದು ಬಲಕ್ಕೆ ಒಂದು ಎಡಕ್ಕೆ ಹಾರಿದರೆ ಫೇಸ್ ಉಲ್ಟಾ. ಆಗ ಸ್ಟ್ರಿಂಗಿನ ಸದ್ದು ಕಳೆದು ಹೋಗುತ್ತದೆ, ಗುಂಯ್ ಕೂಡಿಕೊಳ್ಳುತ್ತದೆ. ಹಂಬಕರ್ ಮಾಡಬೇಕಾದ್ದಕ್ಕೆ ಪೂರ್ತಿ ತಿರುಗುಮುರುಗು. ಓಮ್ಸ್ ಮಾತ್ರ 8ರ ಹತ್ತಿರವೇ ಇರುತ್ತದೆ, ಯಾಕೆಂದರೆ ರೆಸಿಸ್ಟೆನ್ಸಿಗೆ ಹಿಂದು ಮುಂದು ಇಲ್ಲ.

ಬಿಳಿಗೆ ಏನು ಸೇರಿಸಿದ್ದೀಯ ನಿಜ ಹೇಳು.

ದಪ್ಪಸ್ಟ್ರಿಂಗ್, ಮೈಸೂರು

ಹಸಿರು.

ಕರೆಂಟ್ ಹೋಗಿತ್ತು ಸಾರ್. ಯುಪಿಎಸ್ಸಿನಲ್ಲಿ ಐರನ್ ಬಿಸಿಯಾಗುತ್ತಿತ್ತು, ಬೆಳಕಿಗೆ ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡಿದ್ದೆ. ಕೆಂಪು-ಹಸಿರು ಒಂದೇ ಕಾಯಿಲ್‌ನ ಎರಡು ತುದಿ ಅಂತ ನೀವೇ ಹೇಳಿದ್ದಿರಿ, ಹಾಗಾದರೆ ಯಾವ ತುದಿ ಸೇರಿಸಿದರೂ ಒಂದೇ ಅಂದುಕೊಂಡು ಹತ್ತಿರ ಇದ್ದದ್ದನ್ನು ಸೇರಿಸಿದೆ. ಪರೀಕ್ಷೆ ಮಾಡಿದೆ. ಮುಂದಿನ ಸಾಲಿನಲ್ಲಿ ಅಂಕಿ ಏರಿತು, ಹಿಂದಿನ ಸಾಲಿನಲ್ಲಿ ಇಳಿಯಿತು. ಎಂಟು ಸ್ಕ್ರೂ ಮತ್ತೆ ಬಿಚ್ಚಿದ್ದೇನೆ.

ಮಂದ್ರ, ಟೆಕ್ಸಾಸ್

ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಒಮ್ಮೆಯೂ ಮಾಡದವರು ಪಿಕಪ್ ಬದಲಿಸಿಲ್ಲ ಅಂತಲೇ ಅರ್ಥ. ನನ್ನ ಜ್ಯಾಝ್ ಬೇಸಿನಲ್ಲಿ ಎರಡು ಪಿಕಪ್ ಫೇಸ್ ಉಲ್ಟಾ ಇಟ್ಟುಕೊಂಡು ನಾಲ್ಕು ತಿಂಗಳು ನುಡಿಸಿದ್ದೇನೆ. ಇದು ನನ್ನ ಸ್ವಂತ ಟೋನ್ ಅಂತ ಬೇರೆ ಹೇಳಿಕೊಂಡು ತಿರುಗಿದೆ.

ದಪ್ಪಸ್ಟ್ರಿಂಗ್, ಮೈಸೂರು

ಆಯಿತು!! ಬಿಳಿ ಕೆಂಪು ಸೇರಿಸಿದೆ, ಹಸಿರು ಗ್ರೌಂಡಿಗೆ ತಂದೆ. ಸ್ಕ್ರೂಡ್ರೈವರ್ ಎರಡೂ ಸಾಲಿನಲ್ಲಿ ಅಂಕಿ ಏರಿಸಿತು. ಆಂಪ್ ಹಾಕಿ ಇ ಸ್ಟ್ರಿಂಗ್ ಹೊಡೆದರೆ ಶೋಕೇಸಿನ ಸ್ಟೀಲ್ ಲೋಟ ನಡುಗಿತು. ಆಂಪ್ ವಾಲ್ಯೂಮ್ ಮತ್ತೆ 3. ಟ್ಯೂಬ್‌ಲೈಟ್ ಕಡೆ ತಿರುಗಿದೆ, ಬಾಗಿಲ ಕಡೆ ತಿರುಗಿದೆ, ಫ್ಯಾನ್ ರೆಗ್ಯುಲೇಟರ್ ಹತ್ತಿರ ಹಿಡಿದೆ, ಗುಂಯ್ ಇಲ್ಲ. ವಾಲ್ಯೂಮ್ ಅರ್ಧಕ್ಕೆ ಇಳಿಸಿದಾಗ ಸಣ್ಣಗೆ ಚರ್ ಅನ್ನುತ್ತದೆ, ಕೈ ಇಟ್ಟರೆ ನಿಲ್ಲುತ್ತದೆ. ಅದು ಒಳಗೆ ತಾಮ್ರದ ಹಾಳೆ ಅಂಟಿಸಿದರೆ ಹೋಗುತ್ತಾ?

ಆಂಪ್ ಹಿಂದೆ ಕೂತವ, ಬೆಂಗಳೂರು

ಬಹುಮಟ್ಟಿಗೆ ಹೋಗುತ್ತದೆ. ಗುಂಡಿಯೊಳಗೆ, ಮುಚ್ಚಳದ ಒಳಮೈಗೆ ತಾಮ್ರದ ಅಂಟು ಟೇಪ್ ಹಾಕಿ, ಹಾಳೆಯಿಂದ ಹಾಳೆಗೆ ಬೀಪ್ ಬರಬೇಕು, ಕೊನೆಗೆ ಒಂದು ವೈರಿನಿಂದ ಗ್ರೌಂಡಿಗೆ ಸೇರಿಸಿ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಬೇಡ, ಅದಕ್ಕೆ ನಮ್ಮ ಸೋಲ್ಡರ್ ಹಿಡಿಯುವುದಿಲ್ಲ. ಹಾಟ್ ಕಾಲು ಹಾಳೆಗೆ ತಾಗುವ ಜಾಗದಲ್ಲಿ ಇನ್ಸುಲೇಶನ್ ಟೇಪ್ ಮರೆಯಬೇಡಿ.

ಹಳೇ ರೇಡಿಯೋ, ಹುಬ್ಬಳ್ಳಿ

ಶಾಬಾಸ್. ಆ ಸತ್ತ ಪಿಕಪ್ ಎಸೆದೆಯಾ?

ದಪ್ಪಸ್ಟ್ರಿಂಗ್, ಮೈಸೂರು

ಇಲ್ಲ ಸಾರ್, ಡ್ರಾಯರಿನಲ್ಲಿದೆ. ನಮ್ಮ ಬೀದಿಯ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿಯವರನ್ನು ಸುತ್ತಿಕೊಡುತ್ತೀರಾ ಅಂತ ಕೇಳಿದೆ. ಕೈಯಲ್ಲಿ ಹಿಡಿದು ನೋಡಿ 'ಇಷ್ಟು ಸಣ್ಣ ವೈರ್ ನಮ್ಮಪ್ಪನ ಕಾಲದಲ್ಲೂ ನೋಡಿಲ್ಲ' ಅಂದರು.

ಹಳೇ ರೇಡಿಯೋ, ಹುಬ್ಬಳ್ಳಿ

ಅವರದ್ದು ತಪ್ಪಲ್ಲ. ಪಿಕಪ್ಪಿಗೆ ಸಾಮಾನ್ಯವಾಗಿ 42 ಗೇಜ್, ಅಂದರೆ 0.063 ಮಿಲಿಮೀಟರ್, ತಲೆಕೂದಲಿನಷ್ಟೇ. ಸುತ್ತುವ ಮಾತು ಆಮೇಲೆ. ಮೊದಲು ಸತ್ತ ಕಾಯಿಲ್‌ನ ಆ ಸಣ್ಣ ತಂತಿ ದಪ್ಪ ವೈರಿಗೆ ಸೇರುವ ಬೆಸುಗೆಯನ್ನು ಭೂತಗನ್ನಡಿ ಹಿಡಿದು ನೋಡು. ಒಳಗೆ ತುಂಡಾಗುವುದಕ್ಕಿಂತ ಅಲ್ಲೇ ತುಂಡಾಗಿರುವುದನ್ನು ನಾನು ಹೆಚ್ಚು ನೋಡಿದ್ದೇನೆ. ಸಿಪ್ಪೆ ಇದ್ದ ಹಾಗೆ ಮೇಲೆ ಎನಾಮೆಲ್ ಇರುತ್ತದೆ, ತುದಿಯಲ್ಲಿ ಅದನ್ನು ಕೆರೆಯದೆ ಬೆಸುಗೆ ಹಿಡಿಯದಿರಬಹುದು. ಹಬ್ಬ ಮುಗಿಯಲಿ, ಹಗಲು ಹೊತ್ತಿನಲ್ಲಿ ಬಿಚ್ಚು. ಟಾರ್ಚ್ ಬಾಯಲ್ಲಿ ಬೇಡ.